ಪೂರ್ವಪಕ್ಷ ಒಂದು ಕಡೆ, ಸಿದ್ಧಾಂತ ಇನ್ನೊಂದು ಕಡೆ: ನನ್ನ ಎರಡು ಪಿಎಚ್‌ಡಿ ಡಿಪಾರ್ಟ್‌ಮೆಂಟುಗಳು

ಕ್ಯಾಥೋಲಿಕ್ ವಿಶ್ವವಿದ್ಯಾಲಯದಲ್ಲಿ ಫಿಲಾಸಫಿ ಪಿಎಚ್‌ಡಿ ಮಾಡ್ತಿದ್ದೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಹಾಗಾದ್ರೆ ಪಾದ್ರಿ ಆಗ್ತೀರಾ?" ಇಲ್ಲ. ನಾನು ಕ್ರೈಸ್ತನೂ ಅಲ್ಲ. ಮೊದಲ ಎರಡು ವರ್ಷ ಧರ್ಮದ ಗೊಡವೆಯೇ ಇಲ್ಲದ ಒಂದು ವಿಶ್ವವಿದ್ಯಾಲಯದಲ್ಲಿದ್ದೆ. ನನ್ನ ವಿಷಯ ಮಧ್ಯಯುಗದ ಕಡೆ ವಾಲಿತು, ಗೈಡ್ ಸಿಗಲಿಲ್ಲ, ಹೀಗಾಗಿ ಜಾಗ ಬದಲಾಯಿಸಿದೆ. ಈಗ ಇಲ್ಲಿ ನಾಲ್ಕನೇ ವರ್ಷ.

ಧರ್ಮದ ವಿಷಯ ಮೊದಲೇ ಮುಗಿಸಿಬಿಡುತ್ತೇನೆ, ಯಾಕಂದ್ರೆ ಹೇಳುವುದಕ್ಕೆ ಅಷ್ಟೇನಿಲ್ಲ. ಪೂಜೆಗೆ ಬಾ ಅಂತ ಯಾರೂ ಕರೆದಿಲ್ಲ. ಕ್ಲಾಸಿನ ಗೋಡೆ ಮೇಲೆ ಶಿಲುಬೆ ಇದೆ. ವಯಸ್ಸಾದ ಒಬ್ಬ ಪ್ರೊಫೆಸರು ಪಾಠಕ್ಕೆ ಮೊದಲು ಅರ್ಧ ನಿಮಿಷ ಪ್ರಾರ್ಥನೆ ಮಾಡ್ತಾರೆ, ನಾನು ಸುಮ್ನೆ ಕೂತಿರುತ್ತೇನೆ. ಪಕ್ಕದ ಮೇಜಿನ ಗೆಳೆಯ, 'ದೇವರು ಸತ್ತ' ಅಂದ ನೀತ್ಶೆ ಮೇಲೆ ಥೀಸಿಸ್ ಬರೀತಿದ್ದಾನೆ. ಬಿಷಪ್ಪರ ಒಪ್ಪಿಗೆ ಬೇಕು ಅನ್ನುವ ನಿಯಮ ಇರುವುದು ನಿಜ. 1983ರ ಚರ್ಚ್ ಕಾನೂನಿನ 812ನೇ ವಿಧಿ ಅದು. ಆದರೆ ಅದು ದೇವತಾಶಾಸ್ತ್ರ ಕಲಿಸುವವರಿಗೆ, ಫಿಲಾಸಫಿ ಓದುವ ನಮ್ಮಂಥವರಿಗಲ್ಲ. ಗರ್ಭಪಾತದಂಥ ವಿಷಯ ಬಂದಾಗ ಮಾತ್ರ ಮಾತು ಸ್ವಲ್ಪ ತೂಕ ನೋಡಿ ಹೊರಬರುತ್ತದೆ. ಹಳೇ ಜಾಗದಲ್ಲೂ ಹಾಗೆ ತೂಗಿ ಆಡುವ ಮಾತುಗಳಿದ್ದವು. ವಿಷಯಗಳು ಬೇರೆ, ಅಷ್ಟೇ.

ನಿಜವಾದ ವ್ಯತ್ಯಾಸ ಇರುವುದು ಕಾಲದಲ್ಲಿ.

ಹಳೇ ಡಿಪಾರ್ಟ್‌ಮೆಂಟಿನಲ್ಲಿ ಪ್ರಾಚೀನರ ಕೋರ್ಸು ಅರಿಸ್ಟಾಟಲ್‌ಗೆ ಮುಗಿಯುತ್ತಿತ್ತು. ಮುಂದಿನ ಕೋರ್ಸು ಡೆಕಾರ್ಟ್‌ನಿಂದ ಶುರು. ಒಬ್ಬ ಸತ್ತದ್ದು ಕ್ರಿ.ಪೂ. 322ರಲ್ಲಿ, ಇನ್ನೊಬ್ಬನ 'ಮೆಡಿಟೇಶನ್ಸ್' ಬಂದದ್ದು 1641ರಲ್ಲಿ. ನಡುವಿನ ಹತ್ತೊಂಬತ್ತಕ್ಕೂ ಹೆಚ್ಚು ಶತಮಾನ ಎಲ್ಲಿ ಹೋಯಿತು ಅಂತ ನಾನೂ ಕೇಳಿರಲಿಲ್ಲ. ಇಲ್ಲಿ ಬಂದರೆ ಇವರ ಮನೆ ಇರುವುದೇ ಆ ನಡುವಿನಲ್ಲಿ! 1879ರಲ್ಲಿ ಪೋಪ್ ಹದಿಮೂರನೇ ಲಿಯೋ, ಮಧ್ಯಯುಗದ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್‌ನನ್ನು ಮತ್ತೆ ಓದಿ ಅಂತ ಪತ್ರ ಬರೆದರು. ಹತ್ತು ವರ್ಷಕ್ಕೆ ಬೆಲ್ಜಿಯಮ್ಮಿನ ಲೂವೆನ್‌ನಲ್ಲಿ ಮೆರ್ಸಿಯೇ ಅನ್ನುವ ಪಾದ್ರಿ ಅದಕ್ಕೆಂದೇ ಒಂದು ಸಂಸ್ಥೆ ಕಟ್ಟಿದರು. ಇಂಥ ಕೆಲಸ ನೂರು ವರ್ಷ ಮೀರಿ ನಡೆದ ಮೇಲೆ ಲೈಬ್ರರಿ ಕಪಾಟುಗಳೂ ತುಂಬುತ್ತವೆ, ಕಲಿಸುವವರೂ ತಯಾರಾಗುತ್ತಾರೆ.

ಮೊದಲ ವಾರವೇ ಅಕ್ವಿನಾಸ್‌ನ ದೊಡ್ಡ ಗ್ರಂಥ 'ಸುಮ್ಮಾ'ದ ಆ ಪ್ರಸಿದ್ಧ ಭಾಗ ಓದಿಸಿದರು: ಒಂದನೇ ಭಾಗ, ಎರಡನೇ ಪ್ರಶ್ನೆ, ಮೂರನೇ ಉಪಪ್ರಶ್ನೆ. ದೇವರಿದ್ದಾನೆಯೇ? ಸೀದಾ ಸಾಬೀತಿಗೆ ಇಳಿಯುತ್ತಾನೆ ಅಂದುಕೊಂಡಿದ್ದೆ. ಶುರುವಾಗುವುದು ಹೀಗೆ: ವಿದೇತುರ್ ಕ್ವೋದ್ ದೇಉಸ್ ನೋನ್ ಸಿತ್. ದೇವರಿಲ್ಲ ಅನ್ನಿಸುತ್ತದೆ! ಅಪಾರ ಒಳ್ಳೆಯವನೊಬ್ಬ ಇದ್ದರೆ ಕೆಡುಕು ಇರಬಾರದಿತ್ತು, ಆದರೆ ಇದೆ. ಪ್ರಕೃತಿ ಮತ್ತು ಮನುಷ್ಯನ ಇಚ್ಛೆಯಿಂದಲೇ ಎಲ್ಲಾ ವಿವರಿಸಬಹುದಾದರೆ ದೇವರು ಯಾಕೆ? ಇವೆರಡನ್ನೂ ಇಟ್ಟು, ಆಮೇಲೆ ತನ್ನ ಉತ್ತರ, ಕೊನೆಗೆ ಒಂದೊಂದಕ್ಕೂ ಸಮಾಧಾನ. ಜೊತೆಯವರಿಗೆ ಈ ರಚನೆ ವಿಚಿತ್ರ ಅನ್ನಿಸಿತು. ನನಗೆ ಅನ್ನಿಸಲಿಲ್ಲ. ಪೂರ್ವಪಕ್ಷ ಮೊದಲು, ಸಿದ್ಧಾಂತ ಆಮೇಲೆ. ನಮಗೆ ಗೊತ್ತಿರುವುದೇ ಅಲ್ವಾ?

ಲ್ಯಾಟಿನ್ ಮಾತ್ರ ಹಿಂಡಿಹಾಕಿತು. ಹಳೇ ಕಡೆ ಪರಭಾಷೆಯ ಪರೀಕ್ಷೆ ಹೆಸರಿಗಿತ್ತು. ನಿಘಂಟು ಇಟ್ಟುಕೊಂಡು ಒಂದು ಪುಟ ಅನುವಾದ ಮಾಡಿದರೆ ಮುಗೀತು. ಇಲ್ಲಿ ವಾರಕ್ಕೆ ಎರಡು ಸಂಜೆ ಓದುವ ಗುಂಪು, ಒಂದೊಂದು ಸಾಲಿಗೆ ಅರ್ಧ ಗಂಟೆ. ಒಂದು ಸಂಜೆ 'ಎನ್ಸ್' ಮತ್ತು 'ಎಸ್ಸೆ' ಎರಡಕ್ಕೂ ಇಂಗ್ಲಿಷಿನಲ್ಲಿ 'ಬೀಯಿಂಗ್' ಅಂತಲೇ ಬರೆದು ಎಲ್ಲರೂ ಗೋಜಲಾಗಿದ್ದರು. ನಾನು ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದುಕೊಂಡೆ: ಎನ್ಸ್ ಅಂದರೆ ಇರುವಂಥದ್ದು, ಎಸ್ಸೆ ಅಂದರೆ ಇರುವಿಕೆ. ಕನ್ನಡದಲ್ಲಿ ಗಂಟೇ ಇಲ್ಲ! ಇಷ್ಟು ವರ್ಷದಲ್ಲಿ ನನಗೆ ಬಿಟ್ಟಿಯಾಗಿ ಸಿಕ್ಕ ಲಾಭ ಅದೊಂದೇ.

ಆಧುನಿಕರು ಇಲ್ಲಿಲ್ಲ ಅಂತಲ್ಲ. ಫಿನಾಮೆನಾಲಜಿ, ಅಂದರೆ ನಮ್ಮ ಅನುಭವಕ್ಕೆ ವಸ್ತುಗಳು ಹೇಗೆ ತೋರುತ್ತವೆ ಅಂತ ವಿವರಿಸುವ ಫಿಲಾಸಫಿ, ಬಲವಾಗಿದೆ. ಇದಕ್ಕೊಂದು ಕಥೆ ಇದೆ. ಅದನ್ನು ಶುರುಮಾಡಿದ ಹುಸ್ಸರ್ಲ್ ಹುಟ್ಟಿನಿಂದ ಯಹೂದಿ. 1938ರಲ್ಲಿ ಅವನು ಸತ್ತಾಗ ಶೀಘ್ರಲಿಪಿಯಲ್ಲಿ ಬರೆದ ಸುಮಾರು 40,000 ಪುಟ ಜರ್ಮನಿಯಲ್ಲೇ ಉಳಿದಿತ್ತು. ನಾಜಿಗಳ ಕೈಗೆ ಸಿಗದಂತೆ ಅದನ್ನು ಲೂವೆನ್‌ಗೆ ಸಾಗಿಸಿದ್ದು ವಾನ್ ಬ್ರೆಡಾ ಅನ್ನುವ ಫ್ರಾನ್ಸಿಸ್ಕನ್ ಸನ್ಯಾಸಿ.

ಇನ್ನು ಹಳೇ ಜಾಗದ ಋಣ. ಅಲ್ಲಿನ ಸೆಮಿನಾರ್ ನೆನೆಸಿಕೊಂಡರೆ ಈಗಲೂ ಕೈ ಬೆವರುತ್ತದೆ. ಎರಡನೇ ಪುಟ ಓದುವ ಹೊತ್ತಿಗೆ ಯಾರೋ ಕೈ ಎತ್ತುತ್ತಿದ್ದರು: "ನಿಮ್ಮ ವಾದ ಯಾವುದು? ಒಂದು ವಾಕ್ಯದಲ್ಲಿ ಹೇಳಿ." ಹೇಳೋಕೆ ಬರದಿದ್ದರೆ ಅಲ್ಲಿಗೇ ನಿಂತಿತು. ಲಾಜಿಕ್ ಕಡ್ಡಾಯ, ಅದೂ ಗಟ್ಟಿ ಲಾಜಿಕ್. ಇಲ್ಲಿ ಎಲ್ಲರೂ ಸಭ್ಯರು, ಅದೇ ತೊಂದರೆ. ಬರಹ ಕೊಟ್ಟರೆ "ತುಂಬಾ ಶ್ರಮ ಹಾಕಿದ್ದೀರಿ" ಅಂತಾರೆ. ನನ್ನ ಒಂದು ಅಧ್ಯಾಯ ನಾಲ್ಕು ತಿಂಗಳು ಗೈಡ್ ಮೇಜಿನ ಮೇಲೇ ಮಲಗಿತ್ತು. ಹಳೇ ಕಡೆ ಎರಡೇ ವಾರಕ್ಕೆ ಕೆಂಪು ಗೀಟುಗಳ ಸಮೇತ ವಾಪಸ್ ಬರುತ್ತಿತ್ತು.

ದುಡ್ಡಿನಲ್ಲಿ ನನಗೆ ಫರಕು ಕಾಣಲಿಲ್ಲ. ಎರಡೂ ಕಡೆ ಫೀಸು ಮಾಫಿ, ಪಾಠ ಮಾಡಿದ್ದಕ್ಕೆ ಸ್ಟೈಪೆಂಡು. ಆದರೆ ಪಾಠ ಮಾಡುವ ಅವಕಾಶ ಇಲ್ಲಿ ಜಾಸ್ತಿ. ಅನೇಕ ಕ್ಯಾಥೋಲಿಕ್ ಕಾಲೇಜುಗಳಲ್ಲಿ ಯಾವ ಡಿಗ್ರಿಯವರೇ ಆಗಲಿ, ಫಿಲಾಸಫಿ ಓದಲೇಬೇಕು. ನರ್ಸಿಂಗ್ ಹುಡುಗರಿಗೆ ಪ್ಲೇಟೋ ಹೇಳಿಕೊಟ್ಟದ್ದು ನನಗೆ ಇಲ್ಲಿ ಸಿಕ್ಕ ಒಳ್ಳೇ ತರಬೇತಿ.

ಅರ್ಜಿ ಹಾಕುವ ಮುಂಚೆ ಒಂದು ವಿಷಯ ಕೇಳಿ ತಿಳಿದುಕೊಳ್ಳಿ. ಕೆಲವು ಕಡೆ ಮಾಮೂಲಿ ಪಿಎಚ್‌ಡಿ ಜೊತೆಗೆ ಚರ್ಚಿನ ಮಾನ್ಯತೆಯ ಡಿಗ್ರಿಯೂ ಇರುತ್ತದೆ. ಅದರ ದಾರಿಯೇ ಬೇರೆ. 2011ರ ವ್ಯಾಟಿಕನ್ ಆದೇಶದಂತೆ ಬ್ಯಾಕಲಾರಿಯೇಟ್ (ಮೊದಲ ಹಂತದ ಡಿಗ್ರಿ) 3 ವರ್ಷ, ಲೈಸೆನ್ಶಿಯೇಟ್ (ಎರಡನೇ ಹಂತದ್ದು) 2 ವರ್ಷ, ಆಮೇಲೆ ಕನಿಷ್ಠ 3 ವರ್ಷ ಡಾಕ್ಟರೇಟು. ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿಯಲ್ಲಿ ಕಲಿಸುವ ಆಸೆ ಇದ್ದರೆ ಅದನ್ನು ನೋಡಿ. ಇಲ್ಲದಿದ್ದರೆ ಸುಮ್ನೆ ತಡ.

ನನ್ನನ್ನು ಕೇಳಿದರೆ: ಮನಸ್ಸು, ಭಾಷೆ, ಲಾಜಿಕ್ ಇವುಗಳ ಇವತ್ತಿನ ಚರ್ಚೆ ನಿಮ್ಮ ವಿಷಯವಾದರೆ ಇಲ್ಲಿಗೆ ಬರಬೇಡಿ. ಹಳಬರ ಜೊತೆ ವರ್ಷಗಟ್ಟಲೆ ಕೂರುವ ಆಸೆ ಇದ್ದರೆ ಬನ್ನಿ, ಜಗಳ ಆಡುವ ಗೆಳೆಯರನ್ನು ಮಾತ್ರ ಹೊರಗೆ ಹುಡುಕಿಕೊಳ್ಳಿ. ನಾನು ಹಾಗೇ ಮಾಡಿದೆ. ಇರುವಿಕೆಯ ಮೇಲಿನ ಅಧ್ಯಾಯವನ್ನು ಹೋದ ವರ್ಷ ಎರಡೂ ಕಡೆಗೆ ಕಳಿಸಿದೆ. ಹಳೇ ಗುರುಗಳು ಮೊದಲ ಪುಟದಲ್ಲೇ ಬರೆದಿದ್ದರು: "ಇದು ವಾದ ಅಲ್ಲ, ವರದಿ." ಇಲ್ಲಿನವರ ಟಿಪ್ಪಣಿ ಕೊನೇ ಪುಟದಲ್ಲಿತ್ತು: "ಅವಿಸೆನ್ನಾ ಎಲ್ಲಿ?" ಇರುವಿಕೆಯ ಬಗ್ಗೆ ಅಕ್ವಿನಾಸ್‌ಗೂ ಮೊದಲೇ ಬರೆದ ಪರ್ಷಿಯಾದ ತತ್ವಜ್ಞಾನಿ ಅವನು. ಮೂವತ್ತು ಪುಟ ಇದ್ದದ್ದು ಅವಿಸೆನ್ನಾ ಸೇರಿ ಐವತ್ತಾಯಿತು. ಈಗ ಅದರೊಳಗೆ ವಾದ ಹುಡುಕುತ್ತಾ ಕೂತಿದ್ದೇನೆ.