ಹುಬ್ಬಳ್ಳಿಯ ಒಂದು ಜೆನೆಟಿಕ್ ಕೌನ್ಸೆಲಿಂಗ್ ಕ್ಲಿನಿಕ್: ಜೀನ್ ಥೆರಪಿಯ ಆಸೆಯಿಂದ ಹೋದವರ ಅನುಭವ

ನನ್ನ ತಂಗಿಯ ಆರು ವರ್ಷದ ಮಗಳ ಹೊಟ್ಟೆ ಉಬ್ಬುತ್ತ ಬಂದು, ಪ್ಲೇಟ್‌ಲೆಟ್ ಇಳಿಯತೊಡಗಿದಾಗ ಗದಗಿನ ಮಕ್ಕಳ ವೈದ್ಯರು ಗೌಚರ್ ಕಾಯಿಲೆಯ ಸಂದೇಹ ಪಟ್ಟು ನಮ್ಮನ್ನು ಹುಬ್ಬಳ್ಳಿಯ ವಿದ್ಯಾನಗರದ ಒಂದು ಖಾಸಗಿ ಜೆನೆಟಿಕ್ ಕೌನ್ಸೆಲಿಂಗ್ (ವಂಶವಾಹಿ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ) ಕ್ಲಿನಿಕ್ಕಿಗೆ ಕಳಿಸಿದರು. ಎಂಟು ತಿಂಗಳಲ್ಲಿ ನಾಲ್ಕು ಸಲ ಅಲ್ಲಿಗೆ ಹೋಗಿ ಬಂದಿದ್ದೇವೆ. ಮೆಚ್ಚುಗೆಯೊಡನೆ ದೂರುಗಳೂ ಇರುವುದರಿಂದ ಹೆಸರು ಬರೆಯುತ್ತಿಲ್ಲ.

ಗ್ಲೂಕೋಸೆರೆಬ್ರೊಸಿಡೇಸ್ ಎಂಬ ಕಿಣ್ವದ ಕೊರತೆಯಿಂದ, ಒಡೆಯಬೇಕಾದ ಕೊಬ್ಬಿನಂಶವು ಗುಲ್ಮ, ಲಿವರ್ ಮತ್ತು ಅಸ್ಥಿಮಜ್ಜೆಯ ಕೋಶಗಳಲ್ಲಿ ತುಂಬಿಕೊಳ್ಳುವುದೇ ಈ ಕಾಯಿಲೆ. ಕ್ಲಿನಿಕ್ಕಿಗೆ ಹೋಗುವ ಮೊದಲೇ ತಂಗಿ ಮೊಬೈಲಿನಲ್ಲಿ ಅಮೆರಿಕದ ಕೂಸೊಂದರ ಸುದ್ದಿ ನೋಡಿದ್ದಳು. "ಅಣ್ಣಾ, ಒಂದ ಸೂಜಿ ಮಾಡಿದ್ರ ಜೀನ್ ರಿಪೇರಿ ಆಗ್ತೈತಂತ" ಎಂಬ ಆಸೆಯನ್ನು ಅವಳು ಒಳಗೆ ಕೂತ ಕೂಡಲೇ ಮುಂದಿಟ್ಟಳು. ಇಲ್ಲ ಎಂದು ಎರಡು ಮಾತಿನಲ್ಲಿ ಮುಗಿಸಬಹುದಾಗಿದ್ದ ಆ ಪ್ರಶ್ನೆಗೆ ಅಲ್ಲಿನ ಕೌನ್ಸೆಲರ್ ಹೆಚ್ಚುಕಡಿಮೆ ಮುಕ್ಕಾಲು ತಾಸು ಕೊಟ್ಟರು. ಈ ವಿಮರ್ಶೆ ಬರೆಯಲು ಮುಖ್ಯ ಕಾರಣ ಆ ಮುಕ್ಕಾಲು ತಾಸು.

ಅವರು ಹೇಳಿದ್ದು ಹೀಗೆ. ಕೆಜೆ ಎಂಬ ಆ ಕೂಸಿಗೆ ಇದ್ದದ್ದು ಸಿಪಿಎಸ್1 ಕಿಣ್ವದ ಕೊರತೆ. ರಕ್ತದಲ್ಲಿ ಅಮೋನಿಯಾ ಏರಿ ಮಿದುಳಿಗೆ ಪೆಟ್ಟು ಕೊಡುವ ಕಾಯಿಲೆ. 2025ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಅವನಿಗೆ ಮೊದಲ ಡೋಸ್ ಕೊಟ್ಟ ಔಷಧವು ಅವನ ಜೀನಿನ ಒಂದು ಅಕ್ಷರದೋಷವನ್ನು ತಿದ್ದಲೆಂದೇ ತಯಾರಾದದ್ದು; ಅದು ಅವನ ಅಳತೆಗೆ ಹೊಲಿದ ಅಂಗಿ, ನಮ್ಮ ಹುಡುಗಿಯ ಮೈಗೆ ಹಿಡಿಸುವುದಿಲ್ಲ. ಅದನ್ನು ಲಿವರಿಗೆ ಮುಟ್ಟಿಸಲು ವೈರಸ್ಸಿನ ಬದಲು ಕೊಬ್ಬಿನ ಸೂಕ್ಷ್ಮ ಕಣಗಳನ್ನು ಬಳಸಿದ್ದರಿಂದ ಮೂರು ಸಲ ಕೊಡುವುದು ಸಾಧ್ಯವಾಯಿತು. ಎಎವಿ ಎಂಬ ವೈರಸ್ಸಿನ ಮೂಲಕ ಸರಿಯಾದ ಜೀನ್ ಸಾಗಿಸುವ ಬಗೆಯಲ್ಲಾದರೆ, ಒಮ್ಮೆ ಕೊಟ್ಟ ಮೇಲೆ ಅದರ ವಿರುದ್ಧ ಪ್ರತಿಕಾಯ ಹುಟ್ಟುವುದರಿಂದ ಮತ್ತೆ ಕೊಡುವುದು ಕಷ್ಟ. ಮೇಲಾಗಿ ಆ ಜೀನ್ ಸಾಮಾನ್ಯವಾಗಿ ಕ್ರೋಮೋಸೋಮಿಗೆ ಸೇರದೆ ಹೊರಗೇ ಉಳಿಯುವುದರಿಂದ, ಬೆಳೆಯುವ ಮಗುವಿನ ಲಿವರ್ ಕೋಶಗಳು ಇಬ್ಭಾಗವಾಗುತ್ತ ಹೋದಂತೆ ಅದು ಮಜ್ಜಿಗೆಗೆ ನೀರು ಬೆರೆಸಿದ ಹಾಗೆ ತೆಳುವಾಗುತ್ತದೆ.

ಮಂಜೂರಾದ ಚಿಕಿತ್ಸೆಗಳು ಇಲ್ಲವೆಂದೇನಲ್ಲ. ಅರಿಲ್‌ಸಲ್ಫಟೇಸ್ ಕಿಣ್ವದ ಕೊರತೆಯಿಂದ ಬರುವ, ಮಿದುಳು ಮತ್ತು ನರಗಳನ್ನು ಕೆಡಿಸುವ ಎಂಎಲ್‌ಡಿ (ಮೆಟಾಕ್ರೊಮ್ಯಾಟಿಕ್ ಲ್ಯೂಕೊಡಿಸ್ಟ್ರಫಿ) ಕಾಯಿಲೆಗೆ ಯುರೋಪಿನಲ್ಲಿ 2020ರಲ್ಲಿ, ಅಮೆರಿಕದಲ್ಲಿ 2024ರಲ್ಲಿ ಜೀನ್ ಥೆರಪಿಗೆ ಒಪ್ಪಿಗೆ ಸಿಕ್ಕಿದೆ. ಮಗುವಿನದೇ ಆಕರಕೋಶಗಳನ್ನು ಹೊರತೆಗೆದು, ಸರಿಯಾದ ಜೀನ್ ಸೇರಿಸಿ, ಕೀಮೋಥೆರಪಿಯಿಂದ ಅಸ್ಥಿಮಜ್ಜೆಯಲ್ಲಿ ಜಾಗ ಮಾಡಿ ಮರಳಿ ಸೇರಿಸುವ ಈ ಚಿಕಿತ್ಸೆಯ ಅಮೆರಿಕದ ಬೆಲೆ 42.5 ಲಕ್ಷ ಡಾಲರ್. ಈ ಅಂಕಿ ಕೇಳಿ ನಮ್ಮ ಭಾವ ಎದ್ದು ಹೊರಗೆ ಹೋಗಿ ಚಹಾ ಕುಡಿದು ಬಂದರು. ಗೌಚರ್‌ಗೆ ಪ್ರಯೋಗಗಳಷ್ಟೇ ನಡೆದಿವೆ ಎಂಬುದನ್ನು ಕೌನ್ಸೆಲರ್ ಎಳ್ಳಷ್ಟೂ ಮುಚ್ಚಿಡಲಿಲ್ಲ.

ಬದಲಿಗೆ ಅವರು ತೋರಿಸಿದ ದಾರಿ ಎರಡು ವಾರಕ್ಕೊಮ್ಮೆ ರಕ್ತನಾಳದ ಮೂಲಕ ಕಿಣ್ವವನ್ನೇ ಕೊಡುವುದು. 1990ರ ದಶಕದಿಂದ ಬಳಕೆಯಲ್ಲಿರುವ ಚಿಕಿತ್ಸೆ. "ಅಕ್ಕಾರ, ಜೀನ್ ಥೆರಪಿ ಅಂದ್ರ ಮನ್ಯಾಗ ಒಲಿ ಹಚ್ಚಿದಂಗ, ಇದು ಖಾನಾವಳಿಯಿಂದ ಡಬ್ಬಿ ತರಿಸಿದಂಗ, ಡಬ್ಬಿ ತಪ್ಪಿಸಬಾರದು" ಎಂದರು. ಈ ಡಬ್ಬಿ ಮಿದುಳಿನ ಬಾಗಿಲು ದಾಟಿ ಒಳಗೆ ಹೋಗುವುದಿಲ್ಲ ಎಂಬುದನ್ನೂ ಸೇರಿಸಿದರು. ನಮ್ಮ ಹುಡುಗಿಯಲ್ಲಿ ಭಾರತದ ಗೌಚರ್ ರೋಗಿಗಳಲ್ಲಿ ಹೆಚ್ಚಾಗಿ ಕಾಣುವ ಎಲ್444ಪಿ ಎಂಬ ದೋಷವು ಜೀನಿನ ಎರಡೂ ಪ್ರತಿಗಳಲ್ಲಿ ಇರುವುದರಿಂದ ಕಾಯಿಲೆ ಮಿದುಳಿಗೂ ತಾಗಬಹುದು, ಅದರ ಸುಳಿವಿಗಾಗಿ ಕಣ್ಣಿನ ಚಲನೆಯನ್ನು ಆಗಾಗ ಪರೀಕ್ಷಿಸಿಕೊಳ್ಳಬೇಕು ಎಂದರು. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಗುರುತಿಸಿದ ಕೇಂದ್ರಗಳಲ್ಲಿ 50 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆಂದು ತಿಳಿಸಿ, ಬೆಂಗಳೂರಿನ ಕೇಂದ್ರಕ್ಕೆ ಪತ್ರವನ್ನೂ ಅಂದೇ ಕೊಟ್ಟರು. ಆ ಮೊತ್ತ ಮುಗಿದ ಮೇಲೇನು ಎಂಬ ಚಿಂತೆ ನಮ್ಮ ಮನೆಯಲ್ಲಿ ಈಗ ದಿನನಿತ್ಯದ್ದು, ಅದಕ್ಕೆ ಕ್ಲಿನಿಕ್ ಹೊಣೆಯಲ್ಲ.

ಇನ್ನು ದೂರುಗಳು. ತಜ್ಞರು ಸಿಗುವುದು ವಾರದಲ್ಲಿ ಒಂದೇ ದಿನ; ಹತ್ತು ಗಂಟೆಯ ಸಮಯ ಕೊಟ್ಟು ಒಳಗೆ ಕರೆದದ್ದು ಮಧ್ಯಾಹ್ನ ಒಂದೂವರೆಗೆ. ಕಾಗದದ ಮೇಲೆ ಒಣಗಿಸಿದ ರಕ್ತದ ಪರೀಕ್ಷೆಗೆ ಮೂರು ವಾರ ಎಂದವರು ಐದು ವಾರ ತೆಗೆದುಕೊಂಡರು, ನಡುವೆ ಫೋನ್ ಮಾಡಿದರೆ ಎತ್ತುವವರಿರಲಿಲ್ಲ. ಒಪ್ಪಿಗೆ ಪತ್ರ ನಾಲ್ಕು ಪುಟವೂ ಇಂಗ್ಲಿಷಿನಲ್ಲಿತ್ತು. ಅಷ್ಟು ಚಂದ ಕನ್ನಡದಲ್ಲಿ ವಿವರಿಸುವವರಿರುವ ಕಡೆ ಇದೊಂದು ನಾಚಿಕೆಗೇಡು. ತಂಗಿ ಅರ್ಥವಾಗದ ಕಾಗದಕ್ಕೆ ಸಹಿ ಹಾಕುವುದನ್ನು ನೋಡಿ ನಾನೇ ಓದಿ ಹೇಳಬೇಕಾಯಿತು. ಸಮಾಲೋಚನೆಯ ಶುಲ್ಕ 1,200 ರೂಪಾಯಿ, ಅದರ ಬಗ್ಗೆ ತಕರಾರಿಲ್ಲ.

ಮೂರನೆಯ ಭೇಟಿ ಪೂರ್ತಿ ವಂಶವೃಕ್ಷಕ್ಕೆ ಮೀಸಲಾಯಿತು. ತಂಗಿಯನ್ನು ಕೊಟ್ಟಿರುವುದು ಸೋದರತ್ತೆಯ ಮಗನಿಗೆ. ನಕ್ಷೆಯಲ್ಲಿ ಅವರಿಬ್ಬರ ನಡುವೆ ರಕ್ತಸಂಬಂಧದ ಮದುವೆಯ ಗುರುತಾಗಿ ಜೋಡಿ ಗೆರೆ ಎಳೆದ ಕೌನ್ಸೆಲರ್, ಇಬ್ಬರೂ ಕಾಯಿಲೆ ಇಲ್ಲದೆ ದೋಷವನ್ನಷ್ಟೇ ಹೊತ್ತ ವಾಹಕರಾದ್ದರಿಂದ ಪ್ರತಿ ಬಸಿರಿನಲ್ಲೂ ಮಗುವಿಗೆ ಈ ಕಾಯಿಲೆ ಬರುವುದು ನಾಲ್ಕರಲ್ಲಿ ಒಂದು ಸಾಧ್ಯತೆ ಎಂಬುದನ್ನೂ, ಮುಂದಿನ ಬಸಿರಿನಲ್ಲಿ 11 ವಾರ ತುಂಬಿದ ಮೇಲೆ ಪರೀಕ್ಷೆ ಮಾಡಿಸಬಹುದೆಂಬುದನ್ನೂ ಯಾರ ಮೇಲೂ ತಪ್ಪು ಹೊರಿಸದೆ ಹೇಳಿದರು. 1902ರಲ್ಲೇ ಇಂಗ್ಲೆಂಡಿನ ವೈದ್ಯ ಗ್ಯಾರಡ್, ಇಂಥದೇ ಒಂದು ದೋಷವಿದ್ದ ಮಕ್ಕಳ ತಂದೆತಾಯಿ ಹಲವು ಕಡೆ ಒಡಹುಟ್ಟಿದವರ ಮಕ್ಕಳಾಗಿದ್ದುದನ್ನು ಗುರುತಿಸಿದ್ದರಂತೆ.

ಹೋಗುವವರು ಹಳೆಯ ರಿಪೋರ್ಟುಗಳ ಜೊತೆಗೆ ಮನೆಯ ಹಿರಿಯರೊಬ್ಬರನ್ನು ತಪ್ಪದೆ ಕರೆದುಕೊಂಡು ಹೋಗಿ. ತಂಗಿಯ ಅತ್ತೆಯೂ ಆದ ನಮ್ಮ ಸೋದರತ್ತೆ ರೈಲಿನಿಂದ ಇಳಿದು ಚಿಗರಿ ಬಸ್ ಹತ್ತಲಿಕ್ಕೂ ಗೊಣಗುತ್ತ ಬಂದವರು. ಕೌನ್ಸೆಲರ್ ಮೂರನೆಯ ಸಲ ಕೇಳಿದಾಗ, ನಾಲ್ಕು ವರ್ಷಕ್ಕೇ ತೀರಿಹೋದ ತಮ್ಮನೊಬ್ಬ ತಮಗಿದ್ದನೆಂದೂ, ಅವನಿಗೂ ಹೊಟ್ಟೆ ಹೀಗೇ ಉಬ್ಬಿತ್ತೆಂದೂ ಮೊದಲ ಬಾರಿಗೆ ಬಾಯಿಬಿಟ್ಟರು. ನನ್ನ ಅಪ್ಪನಿಗೂ ತಮ್ಮನಾದ ಆ ಹುಡುಗನ ಸುದ್ದಿ ನಮಗೆ ಯಾರಿಗೂ ತಿಳಿದಿರಲಿಲ್ಲ. ಅದೇ ದಿನ ನಾನೂ ವಾಹಕ ಪರೀಕ್ಷೆಗೆ ರಕ್ತ ಕೊಟ್ಟು ಬಂದೆ.