ಕೈತೋಟದ ಗಿಡ್ಡ ಗೋಡೆ: ಇಟ್ಟಿಗೆಯೋ, ಕೆಂಪುಕಲ್ಲೋ, ಗಾರೆಯಿಲ್ಲದ ಕಾಡುಕಲ್ಲೋ?

ಮೂರಕ್ಕೂ ಒಂದೇ ಅಳತೆ ಇಟ್ಟುಕೊಳ್ಳೋಣ: 10 ಅಡಿ ಉದ್ದ, 2 ಅಡಿ ಎತ್ತರ. ಅಂದಕ್ಕೆಂದು ನಿಲ್ಲುವ ಗೋಡೆ ಇದು, ಮಣ್ಣು ತಡೆಯುವುದಕ್ಕಲ್ಲ. ಇನ್ನೂ ಎತ್ತರ ಬೇಕಿದ್ದರೆ ಅಥವಾ ಹಿಂದೆ ಮಣ್ಣು ತುಂಬುವುದಿದ್ದರೆ ಮೇಸ್ತ್ರಿಯನ್ನೇ ಕರೆಯಿರಿ.

ಹೊಸಬರು ಮೊದಲು ಕೈ ಹಾಕುವುದು ಇಟ್ಟಿಗೆಗೆ. ಎಲ್ಲೆಡೆ ಸಿಗುತ್ತದೆ, ಒಂದೇ ಕೈಯಲ್ಲಿ ಎತ್ತಬಹುದು. ಆದರೆ ಮೂರನ್ನೂ ಕಟ್ಟಿ ನೋಡಿದರೆ, ಕಲಿಯುವ ಕೈಯ ತಪ್ಪನ್ನು ಇಟ್ಟಿಗೆಯಷ್ಟು ಎತ್ತಿ ತೋರಿಸುವುದು ಇನ್ನೊಂದಿಲ್ಲ. ನೆಲದ ಮೇಲೆ ಕಾಣುವುದೇ 7 ವರಸೆ, ಅಂದರೆ ಇಟ್ಟಿಗೆಯ 7 ಸಾಲು. ಕೆಳಗೆ ಕಾಲು ಇಂಚು ತಗ್ಗಿದ್ದರೆ ಅದನ್ನು ಮುಚ್ಚಲು ಮೇಲಿನ ಸಂದುಗಳೆಲ್ಲ ದಪ್ಪ-ತೆಳ್ಳಗಾಗುತ್ತವೆ, ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಪ್ಲಾಸ್ಟರ್ ಮಾಡುವವರಿಗೆ ಚಿಂತೆಯಿಲ್ಲ. ಇಟ್ಟಿಗೆ ಕಾಣುವಂತೆ ಬಿಡುವವರಿಗೆ ದಾರ, ರಸಮಟ್ಟ (ಸ್ಪಿರಿಟ್ ಲೆವೆಲ್), ತೂಗುಗುಂಡು ಮೂರೂ ಪ್ರತಿ ವರಸೆಗೂ ಬೇಕು.

ಸಾಮಾನಿನ ಲೆಕ್ಕ ಹೀಗೆ. ಗೋಡೆ 9 ಇಂಚು ದಪ್ಪ, ನೆಲದೊಳಗೆ 2 ವರಸೆ. 9×4¼×3 ಇಂಚಿನ ನಾಡ ಇಟ್ಟಿಗೆ ಸುಮಾರು 230 ಹಿಡಿಯುತ್ತದೆ, ಒಡೆಯುವುದೂ ಸೇರಿ 245 ತರಿಸಿ. ಪಾಯಕ್ಕೆ ಒಂದೂವರೆ ಅಡಿ ಅಗಲ, 1 ಅಡಿ ಆಳ ಅಗೆದು, ತಳವನ್ನು ದಮ್ಮಸ್ಸು ಮಾಡಿ, 4 ಇಂಚು ದಪ್ಪಕ್ಕೆ 1:4:8 (ಸಿಮೆಂಟ್ 1 ಪಾಲು, ಮರಳು 4, ಜಲ್ಲಿ 8) ಕಾಂಕ್ರೀಟ್ ಹಾಕಬೇಕು. ಅದಕ್ಕೆ ಅರ್ಧ ಚೀಲ ಸಿಮೆಂಟ್, ಎರಡೂವರೆ ಘನ ಅಡಿ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು), 5 ಘನ ಅಡಿ ಜಲ್ಲಿ. ಗೋಡೆಗೆ 1:6 ಗಾರೆ ಸಾಕು: ಒಂದು ಚೀಲ ಸಿಮೆಂಟ್, 6ರಿಂದ 7 ಘನ ಅಡಿ ಎಂ-ಸ್ಯಾಂಡ್. ಗಾರೆಯನ್ನು ಒಂದು ಗಂಟೆಯಲ್ಲಿ ಖರ್ಚಾಗುವಷ್ಟೇ ಕಲಸಿ. ಬಾಂಡ್ಲಿಯಲ್ಲಿ ಬಿಗಿದುಕೊಂಡ ಗಾರೆಗೆ ಮತ್ತೆ ನೀರು ಹಾಕಿ ಕಲಸಿದರೆ ಅದಕ್ಕೆ ಹಿಡಿತ ಬರುವುದಿಲ್ಲ.

ಇಟ್ಟಿಗೆ ಗೋಡೆ ಕೆಡುವುದು ಬಹುಪಾಲು ನೀರಿನ ವಿಷಯದಲ್ಲಿ. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಬಿಡುತ್ತದೆ. ಸಿಮೆಂಟ್ ಬಲಿಯುವ ಮೊದಲೇ ಗಾರೆ ಒಣಗಿ, ಉಗುರಲ್ಲಿ ಕೆರೆದರೂ ಉದುರುತ್ತದೆ. ತೊಟ್ಟಿಯಲ್ಲಿ ಗುಳ್ಳೆ ಏಳುವುದು ನಿಲ್ಲುವವರೆಗೆ ನೆನೆಸಿ, ಮೈಮೇಲಿನ ನೀರು ಆರಿದ ಮೇಲೆ ಇಡಿ. ತೊಟ್ಟಿಕ್ಕುವ ಇಟ್ಟಿಗೆಯೂ ಆಗದು, ಗಾರೆಯ ಮೇಲೆ ತೇಲಿ ಜಾರುತ್ತದೆ. ಕಟ್ಟಿದ ಮೇಲೆ ಕನಿಷ್ಠ 7 ದಿನ ಕ್ಯೂರಿಂಗ್, ಅಂದರೆ ನೀರು ಹಾಕಿ ಒದ್ದೆಯಾಗಿಡುವುದು. ಆಮೇಲೆ ಬಿಳಿ ಪುಡಿ ಕಂಡರೆ ಗಾಬರಿ ಬೇಡ. ಒಳಗಿನ ಉಪ್ಪು ನೀರಿನ ಜೊತೆ ಹೊರಬಂದಿರುತ್ತದೆ. ತೊಳೆದರೆ ಅದು ಕರಗಿ ಮತ್ತೆ ಒಳಗೇ ಹೋಗುತ್ತದೆ, ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ.

ಕೆಂಪುಕಲ್ಲು, ಅಂದರೆ ಜಂಬಿಟ್ಟಿಗೆ, ಸಿಗುವ ಊರಿನವರು ಇಟ್ಟಿಗೆಯ ಯೋಚನೆ ಬಿಡುವುದೇ ಮೇಲು. ಕರಾವಳಿ, ಅದರ ಮೇಲಿನ ಮಲೆನಾಡಿನವರಿಗೆ ಇದು ಮನೆಬಾಗಿಲಿನ ಕಲ್ಲು. 15×9×7 ಇಂಚಿನ ಕಲ್ಲಾದರೆ ನೆಲದೊಳಗೆ 1, ಮೇಲೆ 3, ಒಟ್ಟು 4 ವರಸೆಗೆ ಗೋಡೆ ಮುಗಿಯಿತು. 32 ಕಲ್ಲು, ಕೈಗಾವಲಿಗೆ ಇನ್ನೆರಡು ಮೂರು. ಸಂದು ಕಡಿಮೆ, ಹಾಗಾಗಿ ತಪ್ಪಿಗೆ ಜಾಗವೂ ಕಡಿಮೆ. ಪಾಯದ ಕಾಂಕ್ರೀಟ್ ಬಿಟ್ಟರೆ ಅರ್ಧ ಚೀಲ ಸಿಮೆಂಟ್ ಸಾಕು. ಕಲ್ಲಿನ ಮೈಯೇ ಒರಟು, ಅರ್ಧ ಇಂಚಿನ ಏರುಪೇರನ್ನು ಅದು ನುಂಗಿಕೊಳ್ಳುತ್ತದೆ. ಕಷ್ಟವಿರುವುದು ತೂಕದಲ್ಲಿ: ಒಂದೊಂದು ಕಲ್ಲು 30 ಕಿಲೋ ಮೀರುತ್ತದೆ, ಒಬ್ಬರೇ ಎತ್ತಿ ಸೊಂಟ ಹಿಡಿಸಿಕೊಳ್ಳಬೇಡಿ.

ಕಲ್ಲು ಆರಿಸುವಾಗಲೇ ಅರ್ಧ ಕೆಲಸ ಆದಂತೆ. ತೂತುಗಳಲ್ಲಿ ಬಿಳಿ, ಹಳದಿ ಜೇಡಿ ತುಂಬಿದ್ದರೆ ಮೊದಲ ಮಳೆಗಾಲದಲ್ಲೇ ಅದು ತೊಳೆದುಹೋಗಿ ಕಲ್ಲು ಪೊಳ್ಳಾಗುತ್ತದೆ. ಕ್ವಾರಿಯಿಂದ ಆಗಷ್ಟೇ ಬಂದ ಕಲ್ಲು ಮೆದು, ಗಾಳಿ ಬಿಸಿಲಿಗೆ ಬಿದ್ದಷ್ಟೂ ಗಟ್ಟಿಯಾಗುತ್ತದೆ. ಒಂದು ತಿಂಗಳಾದರೂ ಅಂಗಳದಲ್ಲಿ ಬಿಟ್ಟು ಕಟ್ಟಿ. ಕತ್ತರಿಸುವ ಕೆಲಸ ಮಾತ್ರ ಮೆದುವಿದ್ದಾಗಲೇ ಮುಗಿಸಿ. ಇದನ್ನೂ ನೆನೆಸಿಯೇ ಇಡಬೇಕು. ಮಳೆಗಾಲದಲ್ಲಿ ಪಾಚಿ ಹಿಡಿಯುತ್ತದೆ, ತೋಟದ ಗೋಡೆಗೆ ಅದೇ ಚೆಂದ.

ಕಾಡುಕಲ್ಲಿನ ಒಣ ಗೋಡೆಗೆ ಸಿಮೆಂಟೂ ಇಲ್ಲ, ಕಾಂಕ್ರೀಟೂ ಇಲ್ಲ. ಎರೆಮಣ್ಣಿನ ಧಾರವಾಡ, ಗದಗ, ವಿಜಯಪುರದ ಕಡೆ ನಮ್ಮ ಮತ ಇದಕ್ಕೇ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ತೆಳು ಪಾಯದ ಮೇಲೆ ಗಾರೆ ಹಾಕಿ ಬಿಗಿದ ಗೋಡೆ ಅದರ ಜೊತೆ ಬಾಗಲಾರದೆ ಮೆಟ್ಟಿಲು ಮೆಟ್ಟಿಲಾಗಿ ಸೀಳುತ್ತದೆ. ಒಣ ಗೋಡೆಯಲ್ಲಿ ಕಲ್ಲುಗಳು ತುಸು ಸರಿದು ಮತ್ತೆ ಕೂರುತ್ತವೆ, ಅಷ್ಟೆ. ತಪ್ಪಾದರೆ ಬಿಚ್ಚಿ ಕಟ್ಟಬಹುದು. ಕಲಿಯುವವರಿಗೆ ಇದಕ್ಕಿಂತ ಅನುಕೂಲ ಬೇರಿಲ್ಲ.

ತಳ 20 ಇಂಚು, ತಲೆ 12 ಇಂಚು. ಎರಡೂ ಮುಖ ಒಳಕ್ಕೆ ತಲಾ 4 ಇಂಚು ವಾಲಬೇಕು. ಒಂದೂವರೆ ಟನ್ ಕಲ್ಲು ಬೇಕು. ಆರು ಇಂಚು ಅಗೆದು ಅತಿ ದೊಡ್ಡ ಕಲ್ಲುಗಳನ್ನು ತಳಕ್ಕೆ ಹಾಕಿ, ನೆಲದೊಳಗಿನ ಈ ಸಾಲಿಗೆ ಇನ್ನರ್ಧ ಟನ್ ಸೇರಿಸಿಕೊಳ್ಳಿ. ಪ್ರತಿ ಕಲ್ಲಿನ ಉದ್ದ ಗೋಡೆಯ ಒಳಕ್ಕೆ ಹೋಗಲಿ. ಚೆಂದ ಕಾಣಲೆಂದು ಉದ್ದವನ್ನು ಹೊರಮುಖಕ್ಕೆ ತೋರಿಸಿದರೆ ಕಲ್ಲು ಕಳಚಿಕೊಳ್ಳುತ್ತದೆ. ಸಂದಿನ ಮೇಲೆ ಸಂದು ಬರಬಾರದು. ಅರ್ಧ ಎತ್ತರದಲ್ಲಿ ಮೂರು ಅಡಿಗೊಂದರಂತೆ ಈ ಮುಖದಿಂದ ಆ ಮುಖದವರೆಗೆ ಹಾಯುವ ಕಲ್ಲು ಇಡಿ, ಇಲ್ಲದಿದ್ದರೆ ಗೋಡೆ ನಡುವೆ ಹೊಟ್ಟೆ ಬಿಡುತ್ತದೆ. ನಡುವಿನ ಪೊಳ್ಳಿಗೆ ಕಲ್ಲಿನ ಚಕ್ಕೆಯನ್ನು ಕೈಯಿಂದಲೇ ಜೋಡಿಸಿ ತುಂಬಿ. ಮಣ್ಣು ತುಂಬಿದರೆ ಮಳೆನೀರು ಅದನ್ನು ಕೊಚ್ಚಿ ತೆಗೆಯುತ್ತದೆ. ಒಂದು ಮಾತು: ಸಂದುಗಳಲ್ಲಿ ಚೇಳು, ಹಾವು ಸೇರುವುದುಂಟು. ಮಕ್ಕಳು ಆಡುವ ಜಾಗಕ್ಕೆ, ಬಾಗಿಲ ಪಕ್ಕಕ್ಕೆ ಇದು ಬೇಡ.

ಟೆರಾಕೋಟಾ ಜಾಲಿಯ, ಅಂದರೆ ಸುಟ್ಟ ಮಣ್ಣಿನ ತೂತುಬಿಲ್ಲೆಯ ಬಗ್ಗೆ ಬಹಳ ಜನ ಕೇಳುತ್ತಾರೆ. ನೋಡಲು ಸೊಗಸು, ಮೊದಲ ಗೋಡೆಗೆ ಬೇಡ. ಒಂದರ ಮೇಲೊಂದು ನೇರ ಪೇರಿಸುವುದರಿಂದ ಸಂದುಗಳು ಮೇಲಿಂದ ಕೆಳಗೆ ಒಂದೇ ಗೀಟು. ಸುತ್ತ ಚೌಕಟ್ಟಿಲ್ಲದಿದ್ದರೆ ಯಾರಾದರೂ ಒರಗಿದಾಗ ಆ ಗೀಟಿನಲ್ಲೇ ಬಿಡುತ್ತದೆ. ಜಾಲಿಯಂದವೇ ಬೇಕೆಂದರೆ ಇಟ್ಟಿಗೆಗಳ ನಡುವೆ 2 ಇಂಚು ಖಾಲಿ ಬಿಟ್ಟು ನಾಲ್ಕೂವರೆ ಇಂಚು ದಪ್ಪಕ್ಕೆ ಕಟ್ಟಿ. ಎತ್ತರ ಒಂದೂವರೆ ಅಡಿ ದಾಟದಿರಲಿ, ಎರಡೂ ತುದಿಗೆ 9 ಇಂಚಿನ ಕಂಬ ಇರಲಿ.

ಇಟ್ಟಿಗೆಯಾಗಲಿ ಕೆಂಪುಕಲ್ಲಾಗಲಿ, ತಲೆಯ ಮೇಲೆ ಕಡಪ ಕಲ್ಲಿನ ಹಾಸು ಬೇಕೇ ಬೇಕು. ಎರಡೂ ಬದಿ 1 ಇಂಚು ಹೊರಚಾಚಲಿ. ಚಾಚಿದ ಭಾಗದ ಅಡಿಯಲ್ಲಿ ಗ್ರೈಂಡರ್‌ನಿಂದ ಉದ್ದಕ್ಕೂ ಒಂದು ಸಣ್ಣ ತೋಡು ಕೊರೆಸಿದರೆ ಮಳೆನೀರು ಗೋಡೆಗೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ.