ಡಿವೋರ್ಸ್ ಆದರೂ ಹೋಮ್ ಲೋನ್ ಬಿಡಲಿಲ್ಲ: ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಓದಿ

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಹೊರಟವರು ಯಾರಾದರೂ ಇದನ್ನು ಓದುತ್ತಿದ್ದರೆ, ಎರಡನೇ ಸಲ ಕೋರ್ಟಿನ ಮುಂದೆ ನಿಲ್ಲುವ ಮುಂಚೆ ಪೂರ್ತಿ ಓದಿ. ನಮ್ಮ ಮದುವೆ ಯಾಕೆ ಮುರಿಯಿತು ಅನ್ನುವ ಕಥೆ ಇಲ್ಲಿ ಬೇಡ. ದೊಡ್ಡ ಜಗಳ ಇರಲಿಲ್ಲ. ಇಬ್ಬರೂ ಒಪ್ಪಿದ್ದೆವು. ಎಲ್ಲ ಸಲೀಸಾಗಿ ಮುಗಿಯಿತು. ಹಾಗೆ ಸಲೀಸಾಗಿ ಮುಗಿದದ್ದೇ ಆಮೇಲೆ ಕುತ್ತಿಗೆಗೆ ಬಂತು.

ಇಬ್ಬರೂ ಸೇರಿ ಹೋಮ್ ಲೋನ್ ತೆಗೆದು ಫ್ಲ್ಯಾಟ್ ಕೊಂಡಿದ್ದೆವು. ಸಾಲಕ್ಕೆ ಇಬ್ಬರ ಸಹಿ, ಸೇಲ್ ಡೀಡ್‌ನಲ್ಲೂ ಇಬ್ಬರ ಹೆಸರು. ಬೇರೆಯಾಗುವಾಗ ಫ್ಲ್ಯಾಟ್ ಅವರಿಗೆ, ಉಳಿದ ಕಂತೆಲ್ಲ ಅವರೇ ಕಟ್ಟುವುದು, ನನಗೆ ಇಂತಿಷ್ಟು ಹಣ ಅಂತ ಮಾತಾಯಿತು. ಇಬ್ಬರಿಗೂ ಒಬ್ಬರೇ ವಕೀಲರು. ಅವರು ಒಪ್ಪಂದ ಪತ್ರದಲ್ಲಿ ಹೀಗೆ ಬರೆದರು: "ಸದರಿ ಗೃಹಸಾಲದ ಬಾಕಿ ಕಂತುಗಳನ್ನು ಒಂದನೇ ಅರ್ಜಿದಾರರೇ ತೀರಿಸತಕ್ಕದ್ದು. ಎರಡನೇ ಅರ್ಜಿದಾರರಿಗೆ ಈ ಬಗ್ಗೆ ಯಾವುದೇ ಹೊಣೆ ಇರತಕ್ಕದ್ದಲ್ಲ."

ಓದುವುದಕ್ಕೆ ಎಷ್ಟು ಗಟ್ಟಿಯಾಗಿದೆ, ಅಲ್ವಾ? ಬ್ಯಾಂಕಿಗೆ ಹೇಳೋದು ಬೇಡವಾ ಅಂತ ನಾನು ಕೇಳಿದ್ದೆ. "ಕೋರ್ಟ್ ಡಿಕ್ರಿಯಲ್ಲೇ ಬರುತ್ತಲ್ಲ, ಬ್ಯಾಂಕ್ ಏನು ಮಾಡುತ್ತೆ?" ಅಂದರು.

ಬ್ಯಾಂಕ್ ಏನು ಮಾಡುತ್ತೆ ಅಂತ ಆಮೇಲೆ ಗೊತ್ತಾಯಿತು. ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ, ಬಂದ ಮೇಲೆ ಸ್ವಲ್ಪ ಕಾಲ ಕಂತು ಸರಿಯಾಗಿ ಹೋಯಿತು. ಆಮೇಲೆ ನನ್ನ ಫೋನಿಗೆ ಮೆಸೇಜು ಶುರುವಾದವು: ಕಂತು ಬಾಕಿ ಇದೆ, ಕೂಡಲೇ ಕಟ್ಟಿ. ಡಿಕ್ರಿಯ ಸರ್ಟಿಫೈಡ್ ಕಾಪಿ ಹಿಡಿದುಕೊಂಡು ಬ್ಯಾಂಕಿಗೆ ಹೋದೆ. ಲೋನ್ ವಿಭಾಗದವರು ಒರಟಾಗಿಯೇನೂ ಮಾತಾಡಲಿಲ್ಲ. ಡಿಕ್ರಿಯನ್ನು ಪೂರ್ತಿ ಓದಿದರು. ಪಕ್ಕಕ್ಕಿಟ್ಟರು. ಫೈಲಿನಿಂದ ಲೋನ್ ಅಗ್ರಿಮೆಂಟ್ ತೆಗೆದು, ನನ್ನ ಸಹಿ ಇದ್ದ ಪುಟ ಹುಡುಕಿ, ಅದನ್ನು ನನ್ನ ಕಡೆ ತಿರುಗಿಸಿಟ್ಟರು. "ಮೇಡಂ, ಈ ಕೇಸಿನಲ್ಲಿ ನಾವು ಪಾರ್ಟಿಯೇ ಅಲ್ಲ" ಅಂದರು. ಅಷ್ಟೇ.

ಅವರು ಹೇಳಿದ್ದು ಕಾನೂನಿನ ಪ್ರಕಾರ ಸರಿಯೇ. 1872ರ ಕರಾರು ಕಾಯ್ದೆಯ 43ನೇ ಕಲಂ ಪ್ರಕಾರ, ಇಬ್ಬರು ಸೇರಿ ಸಾಲ ಮಾಡಿದ್ದರೆ ಕೊಟ್ಟವರು ಇಬ್ಬರಲ್ಲಿ ಯಾರನ್ನು ಬೇಕಾದರೂ ಹಿಡಿದು ಪೂರ್ತಿ ಸಾಲ ಕೇಳಬಹುದು. ಅರ್ಧರ್ಧ ಅನ್ನುವ ಲೆಕ್ಕ ಅಲ್ಲಿಲ್ಲ. ನೀವಿಬ್ಬರು ನಿಮ್ಮೊಳಗೆ ಏನೇ ಬರೆದುಕೊಳ್ಳಿ, ಅದಕ್ಕೆ ಬ್ಯಾಂಕ್ ಸಹಿ ಹಾಕಿರುವುದಿಲ್ಲ. ಡಿಕ್ರಿಯಿಂದ ಮದುವೆ ಮುಗಿಯುತ್ತದೆ, ಸಾಲದ ಕರಾರು ಹಾಗೇ ಇರುತ್ತದೆ.

ಕಂತು 90 ದಿನಕ್ಕಿಂತ ಜಾಸ್ತಿ ಬಾಕಿ ಉಳಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆ ಪ್ರಕಾರ 60 ದಿನದ ನೋಟಿಸ್ ಕೊಟ್ಟು ಬ್ಯಾಂಕ್ ಮನೆಯನ್ನೇ ವಶಕ್ಕೆ ತೆಗೆದುಕೊಳ್ಳಲು ಹೊರಡಬಹುದು. ಅಲ್ಲಿಯವರೆಗೆ ಹೋಗಬೇಕಾಗಿಯೂ ಇಲ್ಲ. ಒಂದೊಂದು ಕಂತು ತಪ್ಪಿದಾಗಲೂ ಇಬ್ಬರ ಕ್ರೆಡಿಟ್ ರಿಪೋರ್ಟಿನಲ್ಲೂ ಅದು ದಾಖಲಾಗುತ್ತದೆ. ನಾನು ಬೇರೊಂದು ಕಡೆ ಸಣ್ಣ ಸಾಲಕ್ಕೆ ಅರ್ಜಿ ಹಾಕಿದ್ದೆ. ತಿರಸ್ಕಾರವಾಯಿತು. ನಾನು ವಾಸವಿಲ್ಲದ, ನನ್ನದಲ್ಲ ಅಂತ ಬರೆದುಕೊಟ್ಟ ಮನೆಯ ಸಾಲಕ್ಕಾಗಿ! ಸಿಬಿಲ್ ಸೇರಿ ನಾಲ್ಕು ಕ್ರೆಡಿಟ್ ಸಂಸ್ಥೆಗಳಿವೆ, ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ಪ್ರತಿಯೊಂದೂ ಉಚಿತವಾಗಿ ಕೊಡಬೇಕು. ಮಾತುಕತೆ ಶುರುವಾಗುವ ಮುಂಚೆಯೇ ತೆಗೆಸಿ ನೋಡಿ. ನಿಮ್ಮ ಹೆಸರಲ್ಲಿ ಯಾವ ಜಂಟಿ ಸಾಲ, ಯಾವ ಜಾಮೀನು ಇದೆ ಅಂತ ಎಲ್ಲ ಅಲ್ಲಿ ಸಿಗುತ್ತದೆ. ಮರೆತೇಹೋದ ಒಂದು ಜಾಮೀನು ಸಹಿ ಕೂಡ.

ಈಗ ಮುಖ್ಯ ವಿಷಯ. ಇದನ್ನು ಯಾರೂ ನನಗೆ ಬಿಡಿಸಿ ಹೇಳಿರಲಿಲ್ಲ.

1955ರ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ ಪ್ರಕಾರ, ಕನಿಷ್ಠ ಒಂದು ವರ್ಷ ಬೇರೆ ಬೇರೆ ಇದ್ದವರು ಒಟ್ಟಿಗೆ ಅರ್ಜಿ ಹಾಕಬಹುದು. ಮೊದಲ ಅರ್ಜಿಯಾದ ಮೇಲೆ 6 ತಿಂಗಳಿಂದ 18 ತಿಂಗಳ ಒಳಗೆ ಇಬ್ಬರೂ ಮತ್ತೆ ಬಂದು "ಹೌದು, ನಮಗೆ ಬೇರೆಯಾಗಬೇಕು" ಅಂತ ಹೇಳಬೇಕು. ಇದನ್ನೇ ವಕೀಲರು ಸೆಕೆಂಡ್ ಮೋಷನ್ ಅನ್ನುತ್ತಾರೆ. ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾದವರಿಗೆ 28ನೇ ಕಲಂನಲ್ಲಿ ಇದೇ ಥರದ ದಾರಿ ಇದೆ. ಕೊಟ್ಟ ಒಪ್ಪಿಗೆಯನ್ನು ಡಿಕ್ರಿ ಆಗುವ ತನಕ ಯಾರು ಬೇಕಾದರೂ ಹಿಂದೆ ತೆಗೆದುಕೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ 1991ರಲ್ಲಿ ಸುರೇಷ್ಟಾ ದೇವಿ ಕೇಸಿನಲ್ಲಿ ಹೇಳಿದೆ. ಅಂದರೆ ಸೆಕೆಂಡ್ ಮೋಷನ್ ತನಕ ಇಬ್ಬರ ಮಾತಿಗೂ ತೂಕ ಇರುತ್ತದೆ. ಇಬ್ಬರಿಗೂ ಇನ್ನೊಬ್ಬರ ಸಹಿ ಬೇಕಾಗಿರುತ್ತದೆ. ಡಿಕ್ರಿ ಆದ ಮರುದಿನ ಆ ತೂಕ ಇಲ್ಲ. ಮೇಲ್ಮನವಿ ಹಾಕೋಣ ಅಂದರೆ, ಒಪ್ಪಿಗೆಯ ಡಿಕ್ರಿ ಮೇಲೆ ಅಪೀಲು ಇಲ್ಲ ಅಂತ 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 19ನೇ ಕಲಂ ಹೇಳುತ್ತದೆ.

ಹಾಗಾಗಿ ಬ್ಯಾಂಕಿನ ಕೆಲಸ, ರಿಜಿಸ್ಟ್ರಾರ್ ಕಚೇರಿಯ ಕೆಲಸ, ಹಣ ಕೈಗೆ ಬರುವುದು, ಎಲ್ಲವೂ ಸೆಕೆಂಡ್ ಮೋಷನ್ ಒಳಗೆ ಮುಗಿಯಬೇಕು. ಇಲ್ಲವೇ ಅದೇ ದಿನ ಕೋರ್ಟಿನಲ್ಲೇ ಆಗಬೇಕು. "ಆಮೇಲೆ ಮಾಡೋಣ" ಅನ್ನುವ ಒಂದು ಸಾಲೂ ಒಪ್ಪಂದದಲ್ಲಿ ಇರಬಾರದು.

ಆ ಆರು ತಿಂಗಳು ಸುಮ್ನೆ ಕಾಯುವುದಕ್ಕೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. 2017ರಲ್ಲಿ ಅಮರದೀಪ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಈ ಅವಧಿಯನ್ನು ಕೆಲವು ಷರತ್ತಿನ ಮೇಲೆ ಮನ್ನಾ ಮಾಡಬಹುದು ಅಂದಿತು. ಜೀವನಾಂಶ, ಮಕ್ಕಳ ವಿಷಯ ಎಲ್ಲ ನಿಜವಾಗಿ ಇತ್ಯರ್ಥವಾಗಿರಬೇಕು ಅನ್ನುವುದೂ ಆ ಷರತ್ತುಗಳಲ್ಲಿ ಒಂದು. ನಮ್ಮ ಕೇಸಿನಲ್ಲಿ ಮನ್ನಾಕ್ಕೆ ಅರ್ಜಿ ಹಾಕಿದರು. ಎಲ್ಲ ಇತ್ಯರ್ಥವಾಗಿದೆ ಅಂತ ಅದರಲ್ಲಿ ಬರೆದಿತ್ತು. ಕಾಗದದ ಮೇಲೆ ಆಗಿತ್ತು, ಬ್ಯಾಂಕಿನ ಪುಸ್ತಕದಲ್ಲಿ ಆಗಿರಲಿಲ್ಲ. ನಿಜವಾಗಿ ಕೆಲಸ ಮುಗಿದಿದ್ದರೆ ಮನ್ನಾ ಕೇಳಿ, ತಪ್ಪೇನಿಲ್ಲ. ಮುಗಿದಿಲ್ಲ ಅಂದರೆ ಆ ಆರು ತಿಂಗಳು ಬೇಕೇ ಬೇಕು.

ಜಂಟಿ ಹೋಮ್ ಲೋನಿಗೆ ಇರುವ ದಾರಿ ಮೂರೇ. ಮನೆ ಇಟ್ಟುಕೊಳ್ಳುವವರು ತಮ್ಮೊಬ್ಬರ ಹೆಸರಲ್ಲಿ ಹೊಸ ಸಾಲ ತೆಗೆದು ಹಳೆಯದನ್ನು ಮುಚ್ಚಬೇಕು. ಇಲ್ಲವೇ ಅದೇ ಬ್ಯಾಂಕ್ ನಿಮ್ಮ ಹೆಸರನ್ನು ಸಾಲದಿಂದ ತೆಗೆದು ಲಿಖಿತವಾಗಿ ಕೊಡಬೇಕು. ಎರಡೂ ಆಗದಿದ್ದರೆ ಮನೆ ಮಾರಿ, ಸಾಲ ತೀರಿಸಿ, ಉಳಿದದ್ದನ್ನು ಹಂಚಿಕೊಳ್ಳಬೇಕು. ಎರಡನೆಯದಕ್ಕೆ ಬ್ಯಾಂಕ್ ಒಪ್ಪಲೇಬೇಕು ಅಂತಿಲ್ಲ. ಉಳಿಯುವ ಒಬ್ಬರ ಆದಾಯ ಆ ಸಾಲಕ್ಕೆ ಸಾಕಾ ಅಂತ ಅವರು ಹೊಸದಾಗಿ ಲೆಕ್ಕ ಹಾಕುತ್ತಾರೆ. ಸಾಲದು ಅಂದರೆ ನಿಮ್ಮ ಇಡೀ ಒಪ್ಪಂದವೇ ಬದಲಾಗಬೇಕು. ಅದು ಮೊದಲೇ ಗೊತ್ತಾಗುವುದು ಒಳ್ಳೆಯದಲ್ವಾ? ನಮ್ಮ ವಿಷಯದಲ್ಲಿ ಬ್ಯಾಂಕ್ ಆಮೇಲೆ ಹೇಳಿದ್ದೂ ಅದನ್ನೇ: ಒಬ್ಬರ ಸಂಬಳಕ್ಕೆ ಇಷ್ಟು ಸಾಲ ಬರುವುದಿಲ್ಲ.

ಇನ್ನೊಂದು ಬಲೆ ಇದೆ. ಮನೆಯ ಪಾಲು ಬಿಟ್ಟುಕೊಡುವುದು ಸ್ಟಾಂಪ್ ಪೇಪರಿನ ಒಪ್ಪಂದದಿಂದ ಆಗುವುದಿಲ್ಲ, ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಬೇಕು. ಅದಕ್ಕೆ ನಿಮ್ಮನ್ನು ಅವಸರ ಮಾಡಿ ಕರೆಯುತ್ತಾರೆ. ಸಾಲದಿಂದ ಹೆಸರು ಹೋಗುವ ಮುಂಚೆ ಅದಕ್ಕೆ ಸಹಿ ಹಾಕಬೇಡಿ. ಹಾಕಿದರೆ ಮನೆ ಪೂರ್ತಿ ಅವರದು, ಸಾಲ ಮಾತ್ರ ಇಬ್ಬರದು. ಎರಡೂ ಒಂದೇ ದಿನ ಆಗಲಿ. ನನ್ನದು ಏನೋ ಕಾರಣಕ್ಕೆ ನೋಂದಣಿ ಆಗದೇ ಉಳಿದಿತ್ತು, ಪುಣ್ಯ. ಈಗ ಆ ಫ್ಲ್ಯಾಟ್ ಮಾರಬೇಕೆಂದರೆ ನನ್ನ ಸಹಿ ಬೇಕು. ನನ್ನ ಕೈಯಲ್ಲಿ ಉಳಿದಿರುವ ಹಿಡಿ ಅದೊಂದೇ. ಆದರೆ ತೀರಾ ತಡ ಮಾಡುವುದೂ ಬೇಡ. ಗಂಡ ಹೆಂಡತಿಯ ನಡುವಿನ ವರ್ಗಾವಣೆಗೆ ಹಲವು ರಾಜ್ಯಗಳಲ್ಲಿ ಮುದ್ರಾಂಕ ಶುಲ್ಕದ ರಿಯಾಯಿತಿ ಇದೆ. ಡಿಕ್ರಿ ಆದ ಮೇಲೆ ನೀವು ಗಂಡ ಹೆಂಡತಿ ಅಲ್ಲ.

ಹಣದ ವಿಷಯ. ಒಂದೇ ಗಂಟಿನಲ್ಲಿ ಬರುವುದಾದರೆ ಸೆಕೆಂಡ್ ಮೋಷನ್ ದಿನ ಡಿಮ್ಯಾಂಡ್ ಡ್ರಾಫ್ಟ್ ಕೋರ್ಟಿನಲ್ಲೇ ಕೈಗೆ ಬರಲಿ, ಅದರ ನಂಬರು ಹೇಳಿಕೆಯಲ್ಲಿ ದಾಖಲಾಗಲಿ. ಮುಂದಿನ ತಾರೀಕಿನ ಚೆಕ್ ಕೊಡುತ್ತೇನೆ ಅಂದರೆ ಹುಷಾರು. ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಕೆಳಗೆ ಕೇಸು ಹಾಕಬಹುದು ನಿಜ, ಆದರೆ ಬ್ಯಾಂಕಿನಿಂದ ಮೆಮೊ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು, ಅವರಿಗೆ 15 ದಿನ ಸಮಯ, ಅದು ಮುಗಿದ ಒಂದು ತಿಂಗಳೊಳಗೆ ದೂರು. ಒಂದು ಹೆಜ್ಜೆ ತಡವಾದರೂ ಕೇಸು ಬೀಳುವ ಅಪಾಯ. ನನ್ನ ಹಣದ ಮೊದಲ ಭಾಗ ಡ್ರಾಫ್ಟ್‌ನಲ್ಲಿ ಬಂತು. ಎರಡನೆಯದು "ಫ್ಲ್ಯಾಟ್ ವರ್ಗಾವಣೆ ಆದ ಮೇಲೆ" ಅಂತ ಬರೆದಿತ್ತು. ಅದು ಇವತ್ತಿಗೂ ಬಂದಿಲ್ಲ. ತೆರಿಗೆಯನ್ನೂ ಕೇಳಿ ತಿಳಿದುಕೊಳ್ಳಿ: ಒಂದೇ ಸಲ ಬರುವ ಜೀವನಾಂಶವನ್ನು ಸಾಮಾನ್ಯವಾಗಿ ಆದಾಯ ಅಂತ ನೋಡುವುದಿಲ್ಲ, ತಿಂಗಳ ತಿಂಗಳ ಬರುವುದನ್ನು ನೋಡುತ್ತಾರೆ.

"ಮುಂದೆ ಯಾವ ಹಕ್ಕನ್ನೂ ಕೇಳುವುದಿಲ್ಲ" ಅನ್ನುವ ಸಾಲು ಎಲ್ಲ ಒಪ್ಪಂದದಲ್ಲೂ ಇರುತ್ತದೆ. ಅದರ ಹಿಂದೆ "ಮೇಲಿನ ಎಲ್ಲ ಹಣ ಸಂದಾಯವಾದ ನಂತರ" ಅಂತ ಸೇರಿಸಿ. ಕಂತು ತಪ್ಪಿಸಿದರೆ ಬಡ್ಡಿ ಎಷ್ಟು ಅಂತಲೂ ಬರೆಸಿ. ಮಕ್ಕಳಿದ್ದರೆ ಅವರ ಖರ್ಚನ್ನು ನಿಮ್ಮ ಜೀವನಾಂಶದ ಜೊತೆ ಕಲಸಬೇಡಿ. ಅದು ಮಗುವಿನ ಹಕ್ಕು, ಅಮ್ಮನೋ ಅಪ್ಪನೋ ಬಿಟ್ಟುಕೊಡುವಂಥದ್ದಲ್ಲ. ಒಬ್ಬರೇ ವಕೀಲರು ಇಬ್ಬರಿಗೂ ಅನ್ನುವುದು ಫೀಸು ಉಳಿಸುತ್ತದೆ, ಒಪ್ಪುತ್ತೇನೆ. ಆದರೂ ಕೊನೆಯ ಡ್ರಾಫ್ಟನ್ನು ನಿಮ್ಮ ಕಡೆಯವರೇ ಆದ ಇನ್ನೊಬ್ಬ ವಕೀಲರಿಗೆ ತೋರಿಸಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ, ಸಹಾಯವಾಣಿ 15100. ಇದು ನನಗೆ ತಡವಾಗಿ ಗೊತ್ತಾಯಿತು.

ಸಣ್ಣಪುಟ್ಟವು ಇನ್ನೂ ಇವೆ. ಜಂಟಿ ಖಾತೆ "ಇಬ್ಬರಲ್ಲಿ ಯಾರಾದರೂ" ಅನ್ನುವ ಥರದ್ದಾಗಿದ್ದರೆ ಒಬ್ಬರೇ ಹೋಗಿ ಪೂರ್ತಿ ಹಣ ತೆಗೆಯಬಹುದು. ಇಬ್ಬರ ಸಹಿ ಬೇಕಾಗುವಂತೆ ಬದಲಿಸಿ. ಪಿಎಫ್, ವಿಮೆ, ಮ್ಯೂಚುವಲ್ ಫಂಡ್‌ಗಳಲ್ಲಿ ನಾಮಿನಿ ಹೆಸರು ಡಿಕ್ರಿ ಬಂತು ಅಂತ ತಾನಾಗಿ ಬದಲಾಗುವುದಿಲ್ಲ. ಗಂಡನ ಆಫೀಸಿನ ಆರೋಗ್ಯ ವಿಮೆಯಲ್ಲಿ ಇದ್ದವರು ಮೊದಲೇ ಸ್ವಂತ ಪಾಲಿಸಿ ಮಾಡಿಸಿಕೊಳ್ಳಿ. ನಿಮ್ಮ ಒಡವೆ ಸ್ತ್ರೀಧನ, ಅದು ಇತ್ಯರ್ಥದ ಲೆಕ್ಕದಲ್ಲಿ ಬರಬಾರದು. ಫೋಟೋ, ಬಿಲ್ಲು ಸಿಕ್ಕಷ್ಟು ಒಟ್ಟು ಮಾಡಿ.

ಒಪ್ಪಿಗೆ ಮುರಿದು ಜಗಳದ ಕೇಸೇ ಆದರೂ ಕೈಚೆಲ್ಲಬೇಕಾಗಿಲ್ಲ. ಹಿಂದೂ ವಿವಾಹ ಕಾಯ್ದೆಯ 24ನೇ ಕಲಂ ಪ್ರಕಾರ ಕೇಸು ನಡೆಯುವಾಗಲೇ ಮಧ್ಯಂತರ ಜೀವನಾಂಶ, ಕೋರ್ಟು ಖರ್ಚು ಕೇಳಬಹುದು. 2020ರ ರಜನೀಶ್–ನೇಹಾ ತೀರ್ಪಿನ ನಂತರ ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಕೊಡಲೇಬೇಕು. ಕೋರ್ಟಿನ ಸಮನ್ಸ್ ಬಂದರೆ ಮಾತ್ರ ಸಿಟ್ಟಿನಲ್ಲಿ ವಾಪಸ್ ಕಳಿಸಬೇಡಿ. ನೀವಿಲ್ಲದೆಯೇ ತೀರ್ಪು ಆಗಿಬಿಡಬಹುದು.

ನನ್ನ ಥರ ಈಗಾಗಲೇ ಸಿಕ್ಕಿಕೊಂಡವರಿಗೆ: ಅದೇ ಕೌಟುಂಬಿಕ ನ್ಯಾಯಾಲಯದಲ್ಲಿ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿ ಅನ್ನುವ ಅರ್ಜಿ, ಹಾಕಬಹುದು. ಡಿಕ್ರಿ ಜಾರಿಗೆ 12 ವರ್ಷ ಕಾಲಾವಕಾಶ ಇದೆ, ಆದರೆ ಕ್ರೆಡಿಟ್ ರಿಪೋರ್ಟ್ ಅಷ್ಟು ದಿನ ಕಾಯುವುದಿಲ್ಲ. ನಾನು ಅರ್ಜಿ ಹಾಕಿ, ಎನ್‌ಪಿಎ ಆಗದಿರಲಿ ಅಂತ ಸದ್ಯಕ್ಕೆ ಕಂತು ನಾನೇ ಕಟ್ಟುತ್ತಿದ್ದೇನೆ. ಕಟ್ಟುವುದು ನನ್ನ ಖಾತೆಯಿಂದಲೇ, ನಗದು ಇಲ್ಲ. ಪ್ರತಿ ತಿಂಗಳು ಕಟ್ಟಿದ ದಿನವೇ ಅವರಿಗೆ ಒಂದು ಇಮೇಲ್ ಹೋಗುತ್ತದೆ: ಒಪ್ಪಂದದ ಪ್ರಕಾರ ನೀವು ಕಟ್ಟಬೇಕಿದ್ದ ಇಷ್ಟು ಹಣವನ್ನು ನಾನು ಕಟ್ಟಿದ್ದೇನೆ, ವಾಪಸ್ ಕೊಡತಕ್ಕದ್ದು. ಉತ್ತರ ಬರುವುದಿಲ್ಲ. ಆ ಇಮೇಲ್‌ನ ಪ್ರಿಂಟು, ಬ್ಯಾಂಕ್ ಸ್ಟೇಟ್‌ಮೆಂಟು ಎರಡನ್ನೂ ವಕೀಲರ ಫೈಲಿಗೆ ಸೇರಿಸುತ್ತಾ ಹೋಗುತ್ತಿದ್ದೇನೆ. ವಸೂಲಿಗೆ ಲೆಕ್ಕ ತೋರಿಸಬೇಕಾದಾಗ ಬೇಕಾಗುವುದು ಇವೇ.